ಗುಂಯ್‌ಗುಟ್ಟುವ ಪೆಟ್ಟಿಗೆಯ ಗುಟ್ಟು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಕಾಲ. 1980ರ ದಶಕದ ನಡುಭಾಗ ಎಂದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ನಾಲ್ಕು ಸೆಲ್ಲಿನ ಒಂದು ಟ್ರಾನ್ಸಿಸ್ಟರ್ ರೇಡಿಯೊ ಇತ್ತು. ಸೆಲ್ಲು ಸೊರಗಿದರೆ ಅಪ್ಪ ಅವನ್ನು ಹೊರತೆಗೆದು, ಅಂಗಳದ ಬಿಸಿಲಿಗಿಟ್ಟು, ಇನ್ನೆರಡು ದಿನ ಓಡಿಸುತ್ತಿದ್ದರು. ಕೊನೆಗೆ ಈ ಖರ್ಚೇ ಬೇಡವೆಂದು ಪೇಟೆಯಿಂದ ಒಂದು ‘ಎಲಿಮಿನೇಟರ್’ ಕೊಂಡು ತಂದರು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ. ಒಂದು ತುದಿ ಗೋಡೆಯ ಪ್ಲಗ್ಗಿಗೆ, ಇನ್ನೊಂದು ತುದಿ ರೇಡಿಯೊಗೆ. ಇನ್ನು ಸೆಲ್ಲಿನ ಹಂಗಿಲ್ಲ ಎಂದು ಮನೆಮಂದಿಯೆಲ್ಲ ಸಂಭ್ರಮಪಟ್ಟೆವು.

ಆ ಸಂಭ್ರಮ ಸಂಜೆಯ ವಾರ್ತೆಯವರೆಗೆ ಮಾತ್ರ ಉಳಿಯಿತು. ವಾರ್ತೆ ಓದುವವರ ದನಿಯ ಹಿಂದೆ, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ, ಗುಂಯ್ ಎಂಬ ಸದ್ದು! ದನಿ ತಗ್ಗಿಸಿದರೂ ಗುಂಯ್ ತಗ್ಗಲಿಲ್ಲ. ಅಪ್ಪ ಡಬ್ಬಿಯನ್ನು ಅಂಗಡಿಗೆ ಒಯ್ದು ತೋರಿಸಿದರು. ಅಂಗಡಿಯವರು, “ಕರೆಂಟಿನ ಗುಣವೇ ಅದು ಸ್ವಾಮಿ” ಎಂದು ಹೇಳಿ ಕಳಿಸಿದರು. ವಾರ ಕಳೆಯುವುದರೊಳಗೆ ಎಲಿಮಿನೇಟರ್ ಅಟ್ಟ ಸೇರಿತು. ಸೆಲ್ಲುಗಳು ಮತ್ತೆ ಬಿಸಿಲಿಗೆ ಬಂದವು.

ಕರೆಂಟಿನ ಗುಣವೇ ಅದು ಎಂಬ ಮಾತು ನಿಜವೆ? ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು. ಅದನ್ನೇ ಇಂದು ನಿಮಗೆ ಹೇಳುವ ಆಸೆ.

ಈಗಿನ ಮಕ್ಕಳು ಎಲಿಮಿನೇಟರನ್ನು ಕಂಡಿರಲಾರರು. ಆದರೆ ಆ ಗುಂಯ್ ಸದ್ದು ಎಲ್ಲಿಗೂ ಹೋಗಿಲ್ಲ. ಮನೆಯ ಸ್ಟೆಬಿಲೈಸರ್‌ನಲ್ಲಿದೆ, ಶಾಲೆಯ ಆಂಪ್ಲಿಫೈಯರ್‌ನಲ್ಲಿದೆ, ರಸ್ತೆಬದಿಯ ಟಿ.ಸಿ.ಯಲ್ಲಿದೆ. ವಿಜ್ಞಾನ ವಸ್ತುಪ್ರದರ್ಶನ ಹತ್ತಿರವಾಯಿತೆಂದರೆ ಯಾರಾದರೊಬ್ಬ ಹುಡುಗ ತಾನೇ ಜೋಡಿಸಿದ ಆಂಪ್ಲಿಫೈಯರ್ ಹೊತ್ತು ತಂದು, “ಸರ್, ಗುಂಯ್ ಅಂತಿದೆ, ಯಾವ ಪಾರ್ಟ್ ಬದಲಿಸಲಿ?” ಎಂದು ಕೇಳುತ್ತಾನೆ. ಅವನಿಗೆ ನನ್ನ ಉತ್ತರ ಯಾವಾಗಲೂ ಒಂದೇ: “ಏನನ್ನೂ ಬದಲಿಸಬೇಡ. ಮೊದಲು ಸರಿಯಾಗಿ ಕೇಳು.”

ಸದ್ದು ಒಂದಲ್ಲ, ಎರಡು

ಗುಂಯ್ ಎನ್ನುವ ಪೆಟ್ಟಿಗೆಯಲ್ಲಿ ಎರಡು ಬೇರೆ ಬೇರೆ ಸದ್ದುಗಳಿರುತ್ತವೆ. ಒಂದು, ಟ್ರಾನ್ಸ್‌ಫಾರ್ಮರಿನ ಅಂದರೆ ಪರಿವರ್ತಕದ ಕಬ್ಬಿಣವೇ ನಡುಗಿ ಗಾಳಿಯಲ್ಲಿ ಹುಟ್ಟುವ ಸದ್ದು. ಇದಕ್ಕೆ ಸ್ಪೀಕರ್ ಬೇಕಿಲ್ಲ. ಇನ್ನೊಂದು, ಸರಿಯಾಗಿ ಶುದ್ಧವಾಗದ ವಿದ್ಯುತ್ತು ಸ್ಪೀಕರನ್ನು ಅಲುಗಿಸಿ ಹುಟ್ಟಿಸುವ ಸದ್ದು. ಎರಡಕ್ಕೂ ಮೂಲ ಒಂದೇ ಆದರೂ ಮದ್ದು ಬೇರೆ ಬೇರೆ. ಹೊಟ್ಟೆನೋವಿಗೂ ತಲೆನೋವಿಗೂ ಒಂದೇ ಮಾತ್ರೆ ಕೊಟ್ಟರೆ ನಡೆದೀತೆ?

ಎರಡನ್ನೂ ಗುರುತಿಸುವುದು ಬಹಳ ಸುಲಭ. ಮೊದಲು ಸ್ಪೀಕರಿನ ತಂತಿ ಕಳಚಿಡಿ. ಆಮೇಲೂ ಪೆಟ್ಟಿಗೆಯಿಂದ ಸದ್ದು ಬರುತ್ತಿದ್ದರೆ ಅದು ಕಬ್ಬಿಣದ ಸದ್ದು. ಇನ್ನೂ ಸ್ಪಷ್ಟವಾಗಬೇಕೆ? ಮರದ ಅಳತೆಪಟ್ಟಿಯ ಒಂದು ತುದಿಯನ್ನು ಮುಚ್ಚಿದ ಪೆಟ್ಟಿಗೆಗೆ ಒತ್ತಿ ಇನ್ನೊಂದು ತುದಿಯನ್ನು ಕಿವಿಯ ಬಳಿಯ ಮೂಳೆಗೆ ತಾಗಿಸಿ. ವೈದ್ಯರ ಸ್ಟೆತಸ್ಕೋಪಿನಂತೆ ಕೆಲಸ ಮಾಡುತ್ತದೆ. ಪೆಟ್ಟಿಗೆಯ ಮುಚ್ಚಳವನ್ನು ಮಾತ್ರ ತೆಗೆಯಬೇಡಿ.

ಇನ್ನು ಸ್ಪೀಕರ್ ಜೋಡಿಸಿ, ವಾಲ್ಯೂಮನ್ನು ಸೊನ್ನೆಗೆ ತನ್ನಿ. ಆಗಲೂ ಸ್ಪೀಕರಿನಲ್ಲಿ ಗುಂಯ್ ಉಳಿದರೆ ದೋಷ ಹೆಚ್ಚಾಗಿ ಪವರ್ ಸಪ್ಲೈಯದು. ವಾಲ್ಯೂಮ್ ಏರಿಸಿದಂತೆ ಏರಿ ಇಳಿಸಿದಂತೆ ಇಳಿದರೆ ಅದು ಮೈಕಿನ ತಂತಿಯಿಂದಲೋ ಜೋಡಿಸಿದ ಇನ್ನೊಂದು ಯಂತ್ರದಿಂದಲೋ ಒಳಗೆ ಬರುತ್ತಿದೆ ಎಂದರ್ಥ. ಐದು ನಿಮಿಷದ ಈ ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯಿತು. ಒಂದು ಪೈಸೆಯೂ ಖರ್ಚಾಗಿಲ್ಲ.

ಕಬ್ಬಿಣ ಹಾಡುವುದೇಕೆ?

ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಅದು ಸೆಕೆಂಡಿಗೆ 50 ಸಲ ಪೂರ್ತಿ ಆವರ್ತಿಸುತ್ತದೆ. ಅಂದರೆ ಒಂದು ದಿಕ್ಕಿಗೆ ಹರಿದು, ನಿಂತು, ಎದುರು ದಿಕ್ಕಿಗೆ ಹರಿದು, ಮತ್ತೆ ನಿಲ್ಲುತ್ತದೆ. ಪರಿವರ್ತಕದಲ್ಲಿ ಈ ವಿದ್ಯುತ್ತು ತಾಮ್ರದ ಸುರುಳಿಯಲ್ಲಿ ಹರಿದು ನಡುವಿನ ಕಬ್ಬಿಣವನ್ನು ಕಾಂತವಾಗಿಸುತ್ತದೆ. ಆ ಏರಿಳಿಯುವ ಕಾಂತಕ್ಷೇತ್ರ ಎರಡನೆಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿ ಸುತ್ತಿ ಕಂಡುಕೊಂಡ ಸತ್ಯ ಇದೇ. ಇದರ ಉಪಕಾರ ಸಣ್ಣದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದು ವೋಲ್ಟೇಜನ್ನು ಏರಿಸಿ ಇಳಿಸಬಲ್ಲ ಪರಿವರ್ತಕಗಳಿಂದಲೇ.

ಸರಿ, ಇದರಲ್ಲಿ ಸದ್ದು ಎಲ್ಲಿಂದ ಬಂತು? ಉತ್ತರ ಕೊಟ್ಟವರು ನಿಮಗೆ ಪರಿಚಿತರೇ. ಶಕ್ತಿಯ ಮಾನಕ್ಕೆ ಯಾರ ಹೆಸರಿದೆಯೋ ಆ ಜೇಮ್ಸ್ ಜೂಲ್ 1842ರಲ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಕಬ್ಬಿಣವನ್ನು ಕಾಂತವಾಗಿಸಿದರೆ ಅದರ ಉದ್ದವೇ ಒಂದಿಷ್ಟು ಬದಲಾಗುತ್ತದೆ! ಈ ಬದಲಾವಣೆ ಅತ್ಯಲ್ಪ. ಪರಿವರ್ತಕದ ತಗಡಿನಲ್ಲಿ ಉದ್ದದ ದಶಲಕ್ಷದ ಕೆಲವೇ ಭಾಗ. ಒಂದು ಮೀಟರ್ ಉದ್ದದ ತಗಡಿದ್ದರೂ ನಮ್ಮ ತಲೆಗೂದಲಿನ ದಪ್ಪದ ಒಂದು ಸಣ್ಣ ಅಂಶದಷ್ಟು ಮಾತ್ರ. ಆದರೆ ಕಿವಿ ಬಲು ಸೂಕ್ಷ್ಮ ಉಪಕರಣ. ಇಷ್ಟು ಕಂಪನವೇ ಅದಕ್ಕೆ ಸಾಕು.

ಇಲ್ಲೊಂದು ಸ್ವಾರಸ್ಯವಿದೆ. ಕಾಂತದ ಉತ್ತರ ದಕ್ಷಿಣಗಳು ಅದಲುಬದಲಾದರೂ ತಗಡು ಹಿಗ್ಗುವುದು ಒಂದೇ ರೀತಿ. ಆದ್ದರಿಂದ ವಿದ್ಯುತ್ತಿನ ಒಂದು ಆವರ್ತಕ್ಕೆ ಕಬ್ಬಿಣ ಎರಡು ಸಲ ಹಿಗ್ಗಿ ಕುಗ್ಗುತ್ತದೆ. ವಿದ್ಯುತ್ತು 50 ಹರ್ಟ್ಸ್ ಆದರೆ ಸದ್ದು 100 ಹರ್ಟ್ಸ್. ಹಾರ್ಮೋನಿಯಂನ ಬಿಳಿ ಒಂದರ ಶ್ರುತಿಯಲ್ಲಿ ಹಾಡುವ ಗಾಯಕರಿಗೆ ಇದು ಮಂದ್ರ ಪಂಚಮಕ್ಕೆ ಬಹಳ ಹತ್ತಿರ. ಅಮೆರಿಕದಲ್ಲಿ ವಿದ್ಯುತ್ತಿನ ಆವೃತ್ತಿ 60 ಹರ್ಟ್ಸ್. ಹಾಗಾಗಿ ಅಲ್ಲಿಯ ಪರಿವರ್ತಕಗಳು 120 ಹರ್ಟ್ಸ್‌ನಲ್ಲಿ, ಅಂದರೆ ತುಸು ಮೇಲಿನ ಶ್ರುತಿಯಲ್ಲಿ ಹಾಡುತ್ತವೆ.

ಇಷ್ಟು ಸದ್ದು ಕರೆಂಟಿನ ಗುಣ ಎನ್ನಲು ಅಡ್ಡಿಯಿಲ್ಲ. ಒಳ್ಳೆಯ ಪರಿವರ್ತಕವೂ ಮೆಲ್ಲನೆ ಗುನುಗುತ್ತದೆ. ಅದು ಗುನುಗುವುದನ್ನು ಬಿಟ್ಟು ಅರಚತೊಡಗಿದರೆ ಮಾತ್ರ ಕಾರಣ ಹುಡುಕಬೇಕು.

ಕಬ್ಬಿಣದ ಸದ್ದಿಗೆ ಮದ್ದು

ಪರಿವರ್ತಕದ ಒಳಗಿನ ಕಬ್ಬಿಣ ಒಂದೇ ಗಟ್ಟಿ ಅಲ್ಲ. ತೆಳುವಾದ ತಗಡುಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ್ದು. ಗಟ್ಟಿ ಕಬ್ಬಿಣವಾದರೆ ಅದರೊಳಗೆ ಸುಳಿ ಪ್ರವಾಹ ಎದ್ದು ಸುಮ್ಮನೆ ಬಿಸಿಯಾಗಿ ಶಕ್ತಿ ಪೋಲಾಗುತ್ತದೆ. ಅದಕ್ಕೇ ಈ ಏರ್ಪಾಡು. ಈ ತಗಡುಗಳು ಸಡಿಲವಾದರೆ ಒಂದಕ್ಕೊಂದು ಬಡಿದುಕೊಂಡು, ಗುಂಯ್ ಹೋಗಿ ಜರ್ರ್ ಎಂಬ ಒರಟು ಸದ್ದು ಬರುತ್ತದೆ. ಪ್ಲಗ್ ಕಿತ್ತು, ತಣ್ಣಗಾದ ಮೇಲೆ ತಗಡುಗಳನ್ನು ಬಿಗಿಹಿಡಿದ ಬೋಲ್ಟುಗಳನ್ನು ಹದವಾಗಿ ಬಿಗಿ ಮಾಡಿದರೆ ಎಷ್ಟೋ ಸಲ ಇದು ನಿಲ್ಲುತ್ತದೆ. ಅಷ್ಟಕ್ಕೂ ನಿಲ್ಲದಿದ್ದರೆ ಪರಿವರ್ತಕ ಸುತ್ತುವ ಅಂಗಡಿಯಲ್ಲಿ ಅದನ್ನು ವಾರ್ನಿಷ್‌ನಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿ ಕೊಡುತ್ತಾರೆ. ತಗಡುಗಳ ನಡುವೆ ಇಳಿದ ವಾರ್ನಿಷ್ ಗಟ್ಟಿಯಾಗಿ ಅಲುಗಾಟಕ್ಕೆ ಎಡೆಯಿಲ್ಲದಂತಾಗುತ್ತದೆ.

ಎರಡನೆಯದು ಪೆಟ್ಟಿಗೆ. ತಂಬೂರಿಯ ತಂತಿಯೊಂದನ್ನೇ ಮೀಟಿದರೆ ದನಿ ಎಷ್ಟು ಬಂದೀತು? ಕೆಳಗಿನ ಬುರುಡೆ ಇದ್ದರೆ ತಾನೆ ಅದು ತುಂಬಿ ಮೊಳಗುವುದು? ತೆಳು ತಗಡಿನ ಪೆಟ್ಟಿಗೆಗೆ ಪರಿವರ್ತಕವನ್ನು ನೇರವಾಗಿ ಬಿಗಿದರೆ ಪೆಟ್ಟಿಗೆಯೇ ಆ ಬುರುಡೆಯಾಗುತ್ತದೆ. ನಡುವೆ ರಬ್ಬರ್ ವಾಷರ್ ಕೊಟ್ಟು ಕೂರಿಸಿ. ನಾಲ್ಕು ರೂಪಾಯಿಯ ರಬ್ಬರು ಮಾಡುವ ಕೆಲಸವನ್ನು ನಾನೂರು ರೂಪಾಯಿಯ ಹೊಸ ಪರಿವರ್ತಕ ಮಾಡದಿರಬಹುದು. ಆದರೆ ಪೆಟ್ಟಿಗೆಯ ಲೋಹಕ್ಕೆ ಅರ್ತ್ ತಂತಿಯ ಸಂಪರ್ಕ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಮೂರನೆಯದು ವೋಲ್ಟೇಜ್. ಕಬ್ಬಿಣಕ್ಕೂ ಹೊಟ್ಟೆಯ ಅಳತೆಯೊಂದಿದೆ. ಒಂದು ಮಿತಿಗಿಂತ ಹೆಚ್ಚು ಕಾಂತತ್ವವನ್ನು ಅದು ತುಂಬಿಕೊಳ್ಳಲಾರದು. ಹಳ್ಳಿಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಬಳಕೆ ಇಳಿದಾಗ ವೋಲ್ಟೇಜ್ ಏರುವುದುಂಟು. ಆಗ ಅಗ್ಗದ, ಕಬ್ಬಿಣ ಕಡಿಮೆ ಹಾಕಿದ ಪರಿವರ್ತಕ ಮಿತಿ ಮೀರಿ, ಅನಗತ್ಯ ಪ್ರವಾಹ ಎಳೆದು, ಬಿಸಿಯಾಗಿ ಗೊರಗುಟ್ಟುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿದೊಡನೆ ಕೆಲವು ಮನೆಗಳಲ್ಲಿ ಫ್ಯಾನು ಗುರ್ ಎನ್ನುವುದನ್ನು ಕೇಳಿದ್ದೀರಲ್ಲವೆ? ಅಲ್ಲಿ ಕಾರಣ ಬೇರೆ. ಅಗ್ಗದ ಇನ್ವರ್ಟರ್ ಕೊಡುವ ವಿದ್ಯುತ್ತಿನ ಅಲೆ ನುಣುಪಾದುದಲ್ಲ, ಮೆಟ್ಟಿಲಿನಂತೆ ಚೌಕಾಕಾರದ್ದು. ಆ ಚೌಕದ ಮೂಲೆಗಳಲ್ಲಿ ಹೆಚ್ಚಿನ ಆವೃತ್ತಿಯ ಎಷ್ಟೋ ಸದ್ದುಗಳು ಅಡಗಿರುತ್ತವೆ.

ರೆಕ್ಟಿಫೈಯರ್ ಮತ್ತು ನೀರಿನ ತೊಟ್ಟಿ

ಇನ್ನು ಸ್ಪೀಕರಿನ ಸದ್ದಿಗೆ ಬರೋಣ. ರೇಡಿಯೊ, ಆಂಪ್ಲಿಫೈಯರ್‌ಗಳಿಗೆ ಬೇಕಾದದ್ದು ಸೆಲ್ಲಿನಲ್ಲಿರುವಂಥ ನೇರ ವಿದ್ಯುತ್ತು. ಪರ್ಯಾಯ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡುವ ಭಾಗವೇ ರೆಕ್ಟಿಫೈಯರ್. ಒಂದೇ ಕಡೆಗೆ ತೆರೆಯುವ ಬಾಗಿಲಿನಂಥ ಡಯೋಡ್‌ಗಳು ಈ ಕೆಲಸ ಮಾಡುತ್ತವೆ. ಒಂದೇ ಡಯೋಡ್ ಹಾಕಿದರೆ ಅಲೆಯ ಅರ್ಧಭಾಗ ಮಾತ್ರ ದಾಟುತ್ತದೆ, ಉಳಿದರ್ಧ ವ್ಯರ್ಥ. ನಾಲ್ಕು ಡಯೋಡ್‌ಗಳ ‘ಬ್ರಿಡ್ಜ್’ ಕಟ್ಟಿದರೆ ಎರಡೂ ಅರ್ಧಗಳು ಒಂದೇ ದಿಕ್ಕಿಗೆ ತಿರುಗುತ್ತವೆ.

ಆದರೂ ಸಿಕ್ಕಿದ್ದು ಸಮನಾದ ವಿದ್ಯುತ್ತಲ್ಲ. ಏರಿ ಏರಿ ಇಳಿಯುವ ಗುಡ್ಡಗಳ ಸಾಲು. ಇದನ್ನು ಸಮಗೊಳಿಸಲು ಕೆಪಾಸಿಟರ್ ಬೇಕು. ಬಿಟ್ಟು ಬಿಟ್ಟು ನಲ್ಲಿ ನೀರು ಬರುವ ಊರಿನಲ್ಲಿ ನಾವು ಏನು ಮಾಡುತ್ತೇವೆ? ನೀರು ಬಂದಾಗ ತೊಟ್ಟಿ ತುಂಬಿಸಿಟ್ಟು ದಿನವೆಲ್ಲ ಬಳಸುತ್ತೇವೆ. ಕೆಪಾಸಿಟರ್ ಅಂಥ ತೊಟ್ಟಿ. ಬ್ರಿಡ್ಜ್ ಇದ್ದರೆ ಅದು ಸೆಕೆಂಡಿಗೆ 100 ಸಲ ತುಂಬುತ್ತದೆ, ಒಂದೇ ಡಯೋಡ್ ಇದ್ದರೆ 50 ಸಲ. ಎರಡು ತುಂಬುವಿಕೆಗಳ ನಡುವೆ ಮಟ್ಟ ಎಷ್ಟು ಇಳಿಯುತ್ತದೆಯೋ ಅದೇ ‘ರಿಪಲ್’. ಅದೇ ಸ್ಪೀಕರಿನಲ್ಲಿ ಗುಂಯ್ ಎನ್ನುವುದು.

ವಿದ್ಯಾರ್ಥಿಗಳೇ, ಈಗ ಒಂದು ಪುಟ್ಟ ಲೆಕ್ಕ ಮಾಡೋಣ. ನಾವು ಎಳೆಯುವ ಪ್ರವಾಹವನ್ನು ಆಂಪಿಯರಿನಲ್ಲಿ ತೆಗೆದುಕೊಳ್ಳಿ. ಅದನ್ನು ತೊಟ್ಟಿ ಸೆಕೆಂಡಿಗೆ ಎಷ್ಟು ಸಲ ತುಂಬುತ್ತದೆ ಎಂಬ ಸಂಖ್ಯೆಯಿಂದಲೂ, ಫ್ಯಾರಡಿನಲ್ಲಿ ಹೇಳಿದ ಕೆಪಾಸಿಟರಿನ ಅಳತೆಯಿಂದಲೂ ಭಾಗಿಸಿ. ಬಂದ ಉತ್ತರವೇ ಹೆಚ್ಚುಕಡಿಮೆ ರಿಪಲ್ ವೋಲ್ಟ್. ನಿಜವಾದ ರಿಪಲ್ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ.

ನಮ್ಮ ಮನೆಯ ಎಲಿಮಿನೇಟರಿಗೇ ಇದನ್ನು ಅನ್ವಯಿಸಿ. ಅದರಲ್ಲಿದ್ದದ್ದು ಒಂದೇ ಡಯೋಡ್, 470 ಮೈಕ್ರೊಫ್ಯಾರಡಿನ ಕೆಪಾಸಿಟರ್. ರೇಡಿಯೊ ಜೋರಾಗಿ ಹಾಡುವಾಗ 0.1 ಆಂಪಿಯರ್ ಎಳೆಯಿತೆನ್ನೋಣ. ರಿಪಲ್ ಸುಮಾರು 4.3 ವೋಲ್ಟ್! ಆರು ವೋಲ್ಟಿನ ರೇಡಿಯೊದಲ್ಲಿ ನಾಲ್ಕು ವೋಲ್ಟಿನ ಹೊಯ್ದಾಟ! ನಾಲ್ಕು ಡಯೋಡ್ ಹಾಕಿ ಕೆಪಾಸಿಟರನ್ನು 2200 ಮೈಕ್ರೊಫ್ಯಾರಡಿಗೆ ಏರಿಸಿದರೆ ಅದೇ ರಿಪಲ್ ಅರ್ಧ ವೋಲ್ಟಿಗೂ ಕೆಳಗಿಳಿಯುತ್ತದೆ. ನೋಡಿದಿರಾ, ದೋಷ ಕರೆಂಟಿನದಾಗಿರಲಿಲ್ಲ. ಮೂರು ಡಯೋಡ್‌ಗಳ ಉಳಿತಾಯದ್ದಾಗಿತ್ತು.

ಒಂದೇ ಡಯೋಡಿನಿಂದ ಇನ್ನೊಂದು ತೊಂದರೆಯೂ ಇದೆ. ಪರಿವರ್ತಕದಿಂದ ಒಂದೇ ದಿಕ್ಕಿನ ಪ್ರವಾಹವನ್ನು ಎಳೆದರೆ ಅದರ ಕಬ್ಬಿಣ ಒಂದು ಪಕ್ಕಕ್ಕೆ ವಾಲಿ, ಆ ಕಡೆಯಲ್ಲಿ ಬೇಗ ಮಿತಿ ಮುಟ್ಟುತ್ತದೆ. ಆಗ ಕಬ್ಬಿಣವೂ ಅರಚುತ್ತದೆ, ಸ್ಪೀಕರೂ ಅರಚುತ್ತದೆ. ಇಷ್ಟು ದಿನ ಸುಮ್ಮನಿದ್ದ ಬ್ರಿಡ್ಜಿನ ಪೆಟ್ಟಿಗೆ ಇದ್ದಕ್ಕಿದ್ದಂತೆ ಇನ್ನೂ ತಗ್ಗು ಶ್ರುತಿಯಲ್ಲಿ ಗುಂಯ್‌ಗುಟ್ಟತೊಡಗಿದರೆ ನಾಲ್ಕರಲ್ಲಿ ಒಂದು ಡಯೋಡ್ ಕೆಟ್ಟು ಬಾಗಿಲು ತೆರೆಯದಂತಾಗಿದೆ ಎಂದು ಊಹಿಸಬಹುದು. 100 ಹರ್ಟ್ಸ್ ಸದ್ದು 50ಕ್ಕೆ ಇಳಿದಿರುತ್ತದೆ. ಕಿವಿಯೇ ಇಲ್ಲಿ ಮೀಟರು!

ಸಂಜೆಯ ಗುಂಯ್, ನಡುರಾತ್ರಿಯ ಗುಂಯ್

ಕಳೆದ ಕೆಲವು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳು ಮಾಡಿ ತಂದ ಆಂಪ್ಲಿಫೈಯರ್‌ಗಳಲ್ಲಿ 7812 ಎಂಬ ರೆಗ್ಯುಲೇಟರ್ ಇರುವುದೇ ಹೆಚ್ಚು. ಮೂರು ಕಾಲಿನ ಈ ಪುಟ್ಟ ಸಾಧನ ಸರಿಯಾದ 12 ವೋಲ್ಟ್ ಕೊಡುತ್ತದೆ, ರಿಪಲ್ಲನ್ನು ಸಾವಿರ ಪಟ್ಟಿಗೂ ಹೆಚ್ಚು ತಗ್ಗಿಸುತ್ತದೆ. ಹೀಗಿದ್ದೂ ಗುಂಯ್ ಬಂದರೆ ಮಕ್ಕಳಿಗೆ ದಿಗಿಲಾಗುತ್ತದೆ. ಒಮ್ಮೆ ಒಬ್ಬ ಹುಡುಗ ಬಂದು ಹೇಳಿದ: “ಸರ್, ಮಧ್ಯಾಹ್ನ ಚೆನ್ನಾಗಿರುತ್ತೆ. ಸಂಜೆ ಏಳು ಗಂಟೆಯಾದರೆ ಗುಂಯ್ ಅನ್ನುತ್ತೆ.” ಉಳಿದವರು ನಕ್ಕರು. ನಾನು ನಗಲಿಲ್ಲ. ಅವನು ಕಾರಣವನ್ನೇ ಹೇಳಿಬಿಟ್ಟಿದ್ದ.

7812 ಸರಿಯಾಗಿ ಕೆಲಸ ಮಾಡಬೇಕಾದರೆ ಅದರ ಒಳಬರುವ ವೋಲ್ಟೇಜ್ ಯಾವ ಗಳಿಗೆಯಲ್ಲೂ ಸುಮಾರು 14ಕ್ಕಿಂತ ಕೆಳಗಿಳಿಯಬಾರದು. ಹುಡುಗ ಬಳಸಿದ್ದು 12 ವೋಲ್ಟಿನ ಪರಿವರ್ತಕ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ 17 ವೋಲ್ಟ್. ಬ್ರಿಡ್ಜಿನ ಎರಡು ಡಯೋಡ್‌ಗಳು 1.4 ವೋಲ್ಟ್ ನುಂಗಿದರೆ ಉಳಿದದ್ದು 15.6. ಅರ್ಧ ಆಂಪಿಯರ್ ಎಳೆತಕ್ಕೆ 4700 ಮೈಕ್ರೊಫ್ಯಾರಡಿನ ತೊಟ್ಟಿಯಲ್ಲಿ ಮಟ್ಟ ಇಳಿಯುವುದು ಸುಮಾರು 1.1 ವೋಲ್ಟ್. ಉಳಿದದ್ದು 14.5. ಹೇಗೋ ಪಾಸಾಯಿತು! ಸಂಜೆ ಊರಿನವರೆಲ್ಲ ದೀಪ ಹಾಕಿ, ಮೋಟಾರು ನಡೆಸಿದಾಗ 230 ವೋಲ್ಟ್ 190ಕ್ಕೆ ಕುಸಿಯಿತೆನ್ನಿ. 12 ವೋಲ್ಟ್ ಹತ್ತಕ್ಕೆ ಇಳಿಯಿತು. ತುದಿ 14, ಡಯೋಡ್ ದಾಟಿದರೆ 12.6. ರೆಗ್ಯುಲೇಟರಿಗೆ ಹಿಡಿದಿಡಲು ಏನೂ ಉಳಿದಿಲ್ಲ. ತೊಟ್ಟಿಯ ಹೊಯ್ದಾಟವೆಲ್ಲ ನೇರ ಸ್ಪೀಕರಿಗೆ!

ಮದ್ದು ಏನು? 15 ವೋಲ್ಟಿನ ಪರಿವರ್ತಕ. ಅದೇ ಲೆಕ್ಕವನ್ನು ಅದಕ್ಕೂ ಮಾಡಿ ನೋಡಿ. 190 ವೋಲ್ಟಿನಲ್ಲೂ 15ರ ಸಮೀಪ ಉಳಿಯುತ್ತದೆ. ಹೆಚ್ಚಿನ ವೋಲ್ಟೇಜ್ ರೆಗ್ಯುಲೇಟರಿನಲ್ಲಿ ಶಾಖವಾಗುವುದರಿಂದ ಅದಕ್ಕೊಂದು ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು. ಕೆಪಾಸಿಟರ್ 35 ವೋಲ್ಟಿನದಾಗಿರಲಿ. ಧನ ಋಣಗಳನ್ನು ತಿರುಗಿಸಿ ಜೋಡಿಸಿದರೆ ಅದು ಸಿಡಿಯಬಲ್ಲದು, ಎಚ್ಚರ. ತೊಟ್ಟಿ ದೊಡ್ಡದಾದಷ್ಟೂ ಒಳ್ಳೆಯದೆಂದು ಹತ್ತು ಪಟ್ಟು ದೊಡ್ಡ ಕೆಪಾಸಿಟರ್ ಹಾಕಲು ಹೋಗಬೇಡಿ. ಸ್ವಿಚ್ ಹಾಕಿದ ಕ್ಷಣ ಅದು ಎಳೆಯುವ ಭಾರಿ ಪ್ರವಾಹಕ್ಕೆ ಡಯೋಡ್ ಬಲಿಯಾದೀತು. ಅತಿಯಾದರೆ ಅಮೃತವೂ ವಿಷವೇ.

ಹೀಗೆ ಸಂಜೆ ವೋಲ್ಟೇಜ್ ಇಳಿದಾಗ ಹೆಚ್ಚುವುದು ಸ್ಪೀಕರಿನ ಗುಂಯ್. ನಡುರಾತ್ರಿ ವೋಲ್ಟೇಜ್ ಏರಿದಾಗ ಹೆಚ್ಚುವುದು ಕಬ್ಬಿಣದ ಗುಂಯ್. ಯಾವ ಹೊತ್ತಿಗೆ ಸದ್ದು ಬರುತ್ತದೆ ಎಂದು ಬರೆದಿಟ್ಟುಕೊಳ್ಳುವ ಹುಡುಗ ಅರ್ಧ ಎಂಜಿನಿಯರ್ ಆದಂತೆಯೇ.

ಹಳೆಯ ಪೆಟ್ಟಿಗೆಗಳಲ್ಲಿ ಇನ್ನೊಂದು ಕಾರಣ ಸಾಮಾನ್ಯ. ಇಂಥ ಕೆಪಾಸಿಟರುಗಳ ಒಳಗೆ ದ್ರವ ಇರುತ್ತದೆ. ವರ್ಷಗಳು ಕಳೆದಂತೆ, ಅದರಲ್ಲೂ ಶಾಖಕ್ಕೆ, ಅದು ಆರುತ್ತದೆ. ತೊಟ್ಟಿ ಹೂಳು ತುಂಬಿ ಸಣ್ಣದಾದಂತೆ. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಬದಲಿಸಿಬಿಡಿ. ಹೀಟ್‌ಸಿಂಕಿನ ಪಕ್ಕಕ್ಕೆ ಕೆಪಾಸಿಟರನ್ನು ಅಂಟಿಸಿ ಕೂರಿಸಲೇಬೇಡಿ.

ತಂತಿ ಹೋಗುವ ದಾರಿ

ಬಿಡಿಭಾಗಗಳೆಲ್ಲ ಸರಿಯಿದ್ದೂ ಜರ್ರ್ ಎಂಬ ಒರಟು ಸದ್ದು ಉಳಿಯಬಹುದು. ಆಗ ತಂತಿಗಳ ದಾರಿ ನೋಡಬೇಕು. ತೊಟ್ಟಿ ಇಡೀ ಹೊತ್ತು ತುಂಬುವುದಿಲ್ಲ. ಅಲೆಯ ತುದಿಯ ಸ್ವಲ್ಪ ಹೊತ್ತಿನಲ್ಲೇ ಧಬಕ್ಕನೆ ತುಂಬುತ್ತದೆ. ಹಾಗಾಗಿ ಬ್ರಿಡ್ಜಿನಿಂದ ಕೆಪಾಸಿಟರಿಗೆ ಹೋಗುವ ತಂತಿಯಲ್ಲಿ ಹರಿಯುವುದು ಬಿಡಿ ಬಿಡಿಯಾದ, ಜೋರಾದ ಪ್ರವಾಹದ ಹೊಡೆತಗಳು. ಆಂಪ್ಲಿಫೈಯರಿನ ಋಣ ತಂತಿಯನ್ನು ಈ ನಡುದಾರಿಯಲ್ಲಿ ಸೇರಿಸಿದರೆ ರಾಡಿ ನೀರಿನ ಕಾಲುವೆಗೆ ಬಿಂದಿಗೆ ಒಡ್ಡಿದಂತೆ. ಅದನ್ನು ಕೆಪಾಸಿಟರಿನ ಋಣ ಕಾಲಿನಿಂದಲೇ ತೆಗೆದುಕೊಳ್ಳಿ. ತಿಳಿನೀರು ಸಿಗುವುದು ಅಲ್ಲೇ. ಈ ಒಂದು ತಂತಿಯ ಜಾಗ ಬದಲಿಸಿ ಸದ್ದು ನಿಲ್ಲಿಸಿದಾಗ ಮಕ್ಕಳ ಮುಖ ನೋಡಬೇಕು!

ಪರಿವರ್ತಕದಿಂದ ಬರುವ ಎರಡು ತಂತಿಗಳನ್ನು ಜಡೆಯಂತೆ ಹೆಣೆಯಿರಿ. ಮೈಕಿನ ತಂತಿ ಸೇರುವ ಭಾಗ ಪರಿವರ್ತಕದಿಂದ ಆದಷ್ಟು ದೂರವಿರಲಿ. ದೂರ ಸಾಧ್ಯವಿಲ್ಲದಿದ್ದರೆ ಪ್ಲಗ್ ಕಿತ್ತು, ಪರಿವರ್ತಕವನ್ನು ಕಾಲುಸುತ್ತು ತಿರುಗಿಸಿ ಕೂರಿಸಿ, ಮತ್ತೆ ಕೇಳಿ. ಅದರ ಸುತ್ತಲಿನ ಕಾಂತಕ್ಷೇತ್ರ ಎಲ್ಲ ದಿಕ್ಕಿಗೂ ಒಂದೇ ಸಮ ಇರುವುದಿಲ್ಲ. ರೇಡಿಯೊದಲ್ಲಿ ಸ್ಟೇಷನ್ ಹಿಡಿದಾಗ ಮಾತ್ರ ಗುಂಯ್ ಬಂದು, ಸ್ಟೇಷನ್ ತಪ್ಪಿದರೆ ಮಾಯವಾಗುತ್ತಿದ್ದರೆ, ಪ್ರತಿ ಡಯೋಡಿಗೂ ಅಡ್ಡಲಾಗಿ 0.01 ಮೈಕ್ರೊಫ್ಯಾರಡಿನ ಸಣ್ಣ ಸೆರಾಮಿಕ್ ಕೆಪಾಸಿಟರ್ ಬೆಸೆದು ನೋಡಿ.

ಕತ್ತರಿಸಬಾರದ ತಂತಿ

ಇನ್ನು ಮುಂದಿನದು ನನ್ನ ತಪ್ಪೊಪ್ಪಿಗೆ. 2005ರ ಆಸುಪಾಸು. ಶಾಲೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ವಾರ್ಷಿಕೋತ್ಸವಕ್ಕೆ ಅದರಿಂದ ಹಾಡು ನುಡಿಸಲು ಆಂಪ್ಲಿಫೈಯರಿಗೆ ಜೋಡಿಸಿದೆವು. ಸಭಾಂಗಣವೆಲ್ಲ ಗುಂಯ್! ಎರಡೂ ಯಂತ್ರಗಳು ಬೇರೆ ಬೇರೆ ಗೋಡೆಯ ಪ್ಲಗ್ಗುಗಳಿಂದ ಅರ್ತ್ ಪಡೆದಿದ್ದವು. ಹಾಡಿನ ತಂತಿ ಎರಡನ್ನೂ ಇನ್ನೊಂದು ಕಡೆಯಿಂದ ಸೇರಿಸಿತ್ತು. ಹೀಗೆ ಅರ್ತ್ ತಂತಿಗಳೇ ಒಂದು ದೊಡ್ಡ ಬಳೆಯಾಗಿ, ಅದರಲ್ಲಿ ಹರಿದ 50 ಹರ್ಟ್ಸಿನ ಸಣ್ಣ ಪ್ರವಾಹ ಹಾಡಿನೊಡನೆ ಸೇರಿಬಿಟ್ಟಿತ್ತು. ಅತಿಥಿಗಳು ಬರುವ ಹೊತ್ತು. ನಾನು ಆಂಪ್ಲಿಫೈಯರಿನ ಪ್ಲಗ್ ಬಿಚ್ಚಿ ಅದರ ಹಸಿರು ತಂತಿಯನ್ನು ಕತ್ತರಿಸಿದೆ. ಸದ್ದು ತಟ್ಟನೆ ನಿಂತಿತು. ಎಲ್ಲರೂ ಶಹಬ್ಬಾಸ್ ಎಂದರು. ಕಾರ್ಯಕ್ರಮದ ಗಡಿಬಿಡಿಯಲ್ಲಿ ಆ ತಂತಿಯನ್ನು ಮತ್ತೆ ಜೋಡಿಸುವುದು ಮರೆತೇಹೋಯಿತು.

ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಪ್ರಾರ್ಥನೆಗೆ ನಿಂತ ಏಳನೆಯ ತರಗತಿಯ ಹುಡುಗಿ ಮೈಕಿಗೆ ಕೈ ಹಾಕಿದವಳೇ ಚೀರಿ ಹಿಂದಕ್ಕೆ ಬಿದ್ದಳು. ಆಂಪ್ಲಿಫೈಯರಿನ ಪೆಟ್ಟಿಗೆಯ ತೂತಿನ ಅಂಚಿಗೆ ಉಜ್ಜಿ ಉಜ್ಜಿ ಕರೆಂಟಿನ ತಂತಿಯ ಹೊದಿಕೆ ಸವೆದಿತ್ತು. ಪೆಟ್ಟಿಗೆಯ ಲೋಹಕ್ಕೆ 230 ವೋಲ್ಟ್ ಬಂದಿತ್ತು. ಅಲ್ಲಿಂದ ಮೈಕಿನ ತಂತಿಯ ಹೊರಜಾಲದ ಮೂಲಕ ಮೈಕಿಗೂ ಬಂದಿತ್ತು. ಹಸಿರು ತಂತಿ ಇದ್ದಿದ್ದರೆ ಆ ಕ್ಷಣವೇ ಫ್ಯೂಸ್ ಹೋಗಿ ಎಲ್ಲ ನಿಲ್ಲುತ್ತಿತ್ತು. ಮರದ ವೇದಿಕೆ, ಕಾಲಿನ ರಬ್ಬರ್ ಚಪ್ಪಲಿ ಆ ಮಗುವನ್ನು ಉಳಿಸಿದವು. ನಾನು ಉಳಿಸಲಿಲ್ಲ. ಅವಳು ನೀರು ಕುಡಿದು, ಸ್ವಲ್ಪ ಹೊತ್ತಿನ ಮೇಲೆ ತರಗತಿಗೆ ಹೋದಳು. ನನಗೆ ಆ ದಿನ ಪಾಠ ಮಾಡಲಾಗಲಿಲ್ಲ. ಸಂಜೆ ಅವಳ ಮನೆಗೆ ಹೋಗಿ ಅವಳ ತಂದೆಗೆ ನಡೆದದ್ದನ್ನು ಹೇಳಿ ಬಂದೆ.

ಅಂದು ಮಾಡಬೇಕಾಗಿದ್ದ ಕೆಲಸ ಎಷ್ಟು ಸರಳ! ಎರಡೂ ಯಂತ್ರಗಳನ್ನು ಒಂದೇ ಬೋರ್ಡಿನ ಪಕ್ಕಪಕ್ಕದ ಪ್ಲಗ್ಗುಗಳಿಗೆ ಹಾಕಿದ್ದರೆ ಸಾಕಿತ್ತು. ಅದಕ್ಕೂ ಬಗ್ಗದಿದ್ದರೆ ಹಾಡಿನ ತಂತಿಯ ನಡುವೆ ಒಂದು ಪುಟ್ಟ ಆಡಿಯೊ ಪರಿವರ್ತಕ ಜೋಡಿಸಬಹುದಿತ್ತು. ಅದು ಹಾಡನ್ನು ಕಾಂತಕ್ಷೇತ್ರದ ಮೂಲಕ ದಾಟಿಸಿ ಅರ್ತಿನ ಬಳೆಯನ್ನು ತುಂಡರಿಸುತ್ತದೆ. ಗುಂಯ್ ಎನ್ನುವ ಪರಿವರ್ತಕದ ತಮ್ಮನೇ ಇಲ್ಲಿ ಗುಂಯ್ ನಿಲ್ಲಿಸುವ ವೈದ್ಯ! ಸದ್ದು ನಿಲ್ಲಿಸಲು ಅರ್ತ್ ಕತ್ತರಿಸಿ ಎಂದು ಯಾರೇ ಹೇಳಲಿ, ಎಷ್ಟೇ ಅನುಭವಿಗಳೇ ಹೇಳಲಿ, ಕೇಳಬೇಡಿ. ಗುಂಯ್ ಎಂಬುದು ಕಿರಿಕಿರಿ ಅಷ್ಟೆ. ಅರ್ತ್ ಇಲ್ಲದ ಲೋಹದ ಪೆಟ್ಟಿಗೆ ಯಮನ ದೂತ.

ಪಾಲಕರಿಗೆ ಎರಡು ಮಾತು

ಮಗ ಅಥವಾ ಮಗಳು ಬೆಸುಗೆ ಕಡ್ಡಿ ಹಿಡಿದು ಕೂತರೆ “ಇದ್ದದ್ದನ್ನೂ ಹಾಳು ಮಾಡ್ತೀಯ” ಎಂದು ಗದರಬೇಡಿ. ಪುಸ್ತಕದ ಎರಡು ಪುಟದ ಪಾಠ ಅಲ್ಲಿ ಅವರ ಕೈಗೆ ಇಳಿಯುತ್ತಿರುತ್ತದೆ. ಆದರೆ ಒಂದು ಗೆರೆ ಎಳೆಯಿರಿ. ಪರಿವರ್ತಕದ ಆಚೆಯ 12-15 ವೋಲ್ಟಿನ ಕಡೆ ಮಕ್ಕಳದು. ಈಚೆಯ 230 ವೋಲ್ಟಿನ ಕಡೆ, ಅಂದರೆ ಪ್ಲಗ್, ಫ್ಯೂಸ್, ಸ್ವಿಚ್, ತಂತಿಯ ಹೊದಿಕೆ, ಬಲ್ಲ ದೊಡ್ಡವರದು. ಪೆಟ್ಟಿಗೆ ತೆರೆಯುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಕಾಣುವಂತಿರಬೇಕು. ಆಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. 1000 ಓಮ್ ರೆಸಿಸ್ಟರನ್ನು ಅದರ ಎರಡು ಕಾಲಿಗೆ ಅರ್ಧ ನಿಮಿಷ ಹಿಡಿದರೆ ಖಾಲಿಯಾಗುತ್ತದೆ. ಅಜ್ಜನ ಕಾಲದ ವಾಲ್ವ್ ರೇಡಿಯೊ ಮಾತ್ರ ಮಕ್ಕಳ ಕೈಗೆ ಬೇಡ. ಅದರ ಕೆಪಾಸಿಟರುಗಳಲ್ಲಿ ಇನ್ನೂರು ಮುನ್ನೂರು ವೋಲ್ಟ್ ಕಾದು ಕುಳಿತಿರಬಹುದು. ಮನೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದರೆ ಇನ್ನೂ ಕ್ಷೇಮ.

ಈಗಿನ ಮೊಬೈಲ್ ಚಾರ್ಜರುಗಳು ಗುಂಯ್ ಎನ್ನುವುದಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಅವುಗಳೊಳಗಿನ ಪುಟ್ಟ ಪರಿವರ್ತಕ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಾಂತವಾಗಿ ಕಳಚುತ್ತದೆ. ನಮ್ಮ ಕಿವಿ ಕೇಳಬಲ್ಲ ಮಿತಿ ಸುಮಾರು 20 ಸಾವಿರ ಹರ್ಟ್ಸ್. ಹಾಡು ನಿಂತಿಲ್ಲ, ನಮ್ಮ ಕಿವಿಗೆ ನಿಲುಕದಷ್ಟು ಮೇಲಕ್ಕೆ ಹೋಗಿದೆ.

ಅಟ್ಟ ಸೇರಿದ್ದ ನಮ್ಮ ಎಲಿಮಿನೇಟರಿನ ಕತೆ ಹೇಳಿ ಮುಗಿಸುತ್ತೇನೆ. ಬಿ.ಎಸ್ಸಿ. ಎರಡನೆಯ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಇಳಿಸಿ, ಧೂಳು ಕೊಡವಿ, ಮೂರು ಡಯೋಡ್ ಮತ್ತು ಒಂದು ದೊಡ್ಡ ಕೆಪಾಸಿಟರ್ ಬೆಸೆದೆ. ಹದಿನೈದು ರೂಪಾಯಿಯೂ ಖರ್ಚಾಗಲಿಲ್ಲ. ಸಂಜೆ ಅಪ್ಪನಿಗೆ ಏನೂ ಹೇಳದೆ ರೇಡಿಯೊ ಹಾಕಿದೆ. ವಾರ್ತೆ ಸ್ಪಷ್ಟವಾಗಿ ಬರುತ್ತಿತ್ತು. ಕೊನೆಯವರೆಗೂ ಕೇಳಿದ ಅಪ್ಪ, ಎದ್ದು ಒಳಗೆ ಹೋಗುತ್ತ ಕೇಳಿದರು:

“ಹೊಸ ಸೆಲ್ ಹಾಕಿದ್ಯೇನೋ?”